ಕೇಳಿಸಿಕೊಳ್ಳಲು ಮನಸ್ಸಿಲ್ಲದವರು ಸುವಾರ್ತೆ ಸಾರುವುದು ಹೇಗೆ?

ಕಳೆದ ಭಾನುವಾರ ಸಂಜೆ ನಮ್ಮ ಕ್ರೈಸ್ತ ಸಭೆಯ ವಿಶೇಷ ಕೂಟಕ್ಕೆ ನೆರೆಹೊರೆಯವರನ್ನೂ ಕರೆದಿದ್ದೆವು. ನಮ್ಮ ಮದುವೆಗಳಿಗೂ ಸಾವುಗಳಿಗೂ ತಪ್ಪದೆ ಬರುವ ಜನ, ಪ್ರೀತಿಯಿಂದಲೇ ಬಂದು ಕುಳಿತರು. ಹೊರರಾಜ್ಯದಿಂದ ಬಂದಿದ್ದ ಅತಿಥಿ ಬೋಧಕರು ಇಂಗ್ಲಿಷಿನಲ್ಲಿ ಮಾತು ಆರಂಭಿಸಿದರು, ಒಬ್ಬ ಯುವಕ ಏದುಸಿರು ಬಿಡುತ್ತ ಅದನ್ನು ಕನ್ನಡದಲ್ಲಿ ಹೇಳುತ್ತ ಹೋದ. ಸ್ವಲ್ಪ ಹೊತ್ತಿನಲ್ಲೇ ಈ ನಾಡೆಲ್ಲ ಕತ್ತಲೆಯಲ್ಲಿದೆ, ಇಲ್ಲಿನ ಜನ ಕೈಮುಗಿಯುವುದೆಲ್ಲ ಸೈತಾನನಿಗೆ ಎಂಬಲ್ಲಿಗೆ ಬೋಧನೆ ಮುಟ್ಟಿತು. ಕೊರೋನಾ ಕಾಲದಲ್ಲಿ ನನ್ನ ತಾಯಿಗಾಗಿ ಗಂಜಿ ಬೇಯಿಸಿ ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಿದ್ದ ಹಿರಿಯಾಕೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಏನೂ ಹೇಳದೆ ಎದ್ದು ಹೋದರು. ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ, ಆದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ಸುವಾರ್ತೆ ಸಾರುವುದನ್ನೇ ಬೇಡವೆನ್ನುವವಳು ನಾನಲ್ಲ ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಪರಂಪರೆಯ ಸಭೆಯಲ್ಲಿ ಹುಟ್ಟಿ, ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತ ಬಂದವಳು ನಾನು. ಕ್ರಿಸ್ತನಲ್ಲಿ ಕಂಡುಕೊಂಡದ್ದನ್ನು ನೆರೆಯವರೊಡನೆ ಹಂಚಿಕೊಳ್ಳಬೇಕೆಂದು ಮನಸಾರೆ ನಂಬಿದ್ದೇನೆ. ನನ್ನ ತಕರಾರು ಒಂದೇ: ಯಾರಿಗೆ ಹೇಳಲು ಹೊರಟಿದ್ದೇವೋ ಅವರು ಏನನ್ನು ಹಾಡುತ್ತಾರೆ, ಯಾವುದಕ್ಕೆ ಅಂಜುತ್ತಾರೆ, ದುಃಖ ಬಂದಾಗ ಯಾರನ್ನು ಕರೆಯುತ್ತಾರೆ ಎಂಬುದನ್ನು ತಿಳಿಯುವ ಆಸೆಯೇ ಇಲ್ಲದೆ ವೇದಿಕೆ ಹತ್ತುವುದು.

ಬೇರೆ ಯಾವ ಊರಿನವರು ಹೀಗೆ ಮಾಡಿದರೂ ಮಂಗಳೂರು, ಧಾರವಾಡಗಳ ಸಭೆಗಳು ಮಾಡಬಾರದು, ಏಕೆಂದರೆ ನಮ್ಮ ಹಿರಿಯರು ಇದನ್ನು ಬೇರೆ ರೀತಿಯಲ್ಲಿ ಮಾಡಿದ್ದರು. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ತಂಡ ಮಂಗಳೂರಿಗೆ ಬಂತು. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೋಗ್ಲಿಂಗ್ ಕನ್ನಡ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಅದೇ ಮೋಗ್ಲಿಂಗ್ ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದರು, ಜನರ ಬಾಯಲ್ಲಿದ್ದ ಹರಿದಾಸರ ಹಾಡುಗಳನ್ನು ಕೂಡಿಸಿ 1850ರಲ್ಲಿ ‘ದಾಸರ ಪದಗಳು’ ಎಂದು ಅಚ್ಚು ಹಾಕಿಸಿದರು ಎಂಬುದನ್ನು ನಮ್ಮ ಸಭೆಗಳಲ್ಲಿ ಎಷ್ಟು ಜನ ನೆನೆಯುತ್ತಾರೆ? ಕ್ರಿಸ್ತನನ್ನು ಸಾರಲು ಹಡಗು ಹತ್ತಿ ಬಂದ ಮನುಷ್ಯನೊಬ್ಬ ವಿಠಲನ ಹಾಡುಗಳನ್ನು ಅಚ್ಚಿಗೆ ಅಣಿಗೊಳಿಸುತ್ತ ಕುಳಿತಿದ್ದ. ಈ ಜನರ ಭಕ್ತಿಯನ್ನು ಅರಿಯದೆ ಇವರೊಡನೆ ದೇವರ ಮಾತನ್ನು ಆಡಲಾಗದು ಎಂಬ ತಿಳಿವಳಿಕೆ ಆ ಕೆಲಸದ ಹಿಂದೆ ಇತ್ತೆಂದೇ ನಾನು ಓದಿಕೊಳ್ಳುತ್ತೇನೆ.

ಫರ್ಡಿನಂಡ್ ಕಿಟ್ಟೆಲ್ ಬಂದದ್ದು 1853ರಲ್ಲಿ. 1894ರ ನಿಘಂಟಿನ ಕಾರಣಕ್ಕೆ ನಾಡೆಲ್ಲ ಅವರನ್ನು ಬಲ್ಲದು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದವರು ಅವರು. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು, ಕ್ರಿಸ್ತನ ಬದುಕನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದ, 1862ರಲ್ಲಿ ಹೊರಬಂದ ‘ಕಥಾಮಾಲೆ’. ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಎಳೆದೆಳೆದು ಕೂಡಿಸಿ ಹಾಡುತ್ತಲೇ ಬೆಳೆದ ನಮಗೆ ಆ ಸಾಹಸದ ಬೆಲೆ ಗೊತ್ತಾಗಬೇಕಿತ್ತು. ಆ ರಾಗಗಳನ್ನು ನಾನು ಪ್ರೀತಿಸುತ್ತೇನೆ, ತಂದೆಯ ಮಣ್ಣಿನ ದಿನ ಅವೇ ನನ್ನನ್ನು ಹಿಡಿದು ನಿಲ್ಲಿಸಿದವು. ಆದರೂ ಗಮಕ ಕೇಳಿ ಬೆಳೆದ ಕಿವಿಗೆ ಯೇಸುವಿನ ಕಥೆ ಮೊದಲ ಸಲ ಬೀಳುವಾಗ ಅದು ಪರದೇಶದ ಸುದ್ದಿಯಂತೆ ಕೇಳಬಾರದು ಎಂದು ಕಿಟ್ಟೆಲ್‌ರಿಗೆ ಹೊಳೆದಿತ್ತು. ನೂರಅರವತ್ತು ವರ್ಷ ಕಳೆದರೂ ನಮಗೆ ಹೊಳೆಯುತ್ತಿಲ್ಲ.

ಹಳೆಯ ಮಿಶನರಿಗಳನ್ನು ಹೀಗೆ ಕೊಂಡಾಡಬೇಡ, ಅವರೂ ಈ ಜನರ ಆರಾಧನೆಯನ್ನು ಹಳಿದವರೇ ಎಂದು ಇತಿಹಾಸ ಓದಿದ ಗೆಳೆಯರು ಹೇಳುತ್ತಾರೆ. ಹೌದು, ಹಳಿದರು. ತುಳುನಾಡಿನ ಭೂತಾರಾಧನೆಯನ್ನು ಪಿಶಾಚಿಯ ಪೂಜೆ ಎಂದೇ ಬರೆದರು. ಕ್ರೈಸ್ತರಾದವರು ಶೇಂದಿ ಇಳಿಸುವುದನ್ನು ಬಿಡಬೇಕೆಂದರು, ಕುಲಕಸುಬೂ ನೆಂಟಸ್ತಿಕೆಯೂ ತಪ್ಪಿದ ಆ ಕುಟುಂಬಗಳಿಗೆ ಅನ್ನದ ದಾರಿಯಾಗಿ ನೇಯ್ಗೆಯ ಕಾರ್ಖಾನೆಗಳೂ, 1865ರಿಂದ ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆಯೂ ಬಂದವು. ಆ ಕಡಿತದ ನೋವು ನಮ್ಮ ಮನೆತನಗಳ ನೆನಪಿನಲ್ಲಿ ಇನ್ನೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆಗಸ್ಟ್ ಮ್ಯಾನರ್ ಎಂಬ ಅದೇ ಮಿಶನ್ನಿನ ಪಾದ್ರಿ ಅದೇ ಭೂತಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳನ್ನು ಸಂಗ್ರಹಿಸಿ, 1886ರಲ್ಲಿ ಮಿಶನ್ ಮುದ್ರಣಾಲಯದಿಂದಲೇ ಪ್ರಕಟಿಸಿದರು, ಅದೇ ವರ್ಷ ತುಳುವಿಗೆ ನಿಘಂಟನ್ನೂ ಕೊಟ್ಟರು. ಒಪ್ಪದ ನಂಬಿಕೆಯ ಹಾಡನ್ನು ಕೊನೆಯ ಸಾಲಿನವರೆಗೂ ದಾಖಲಿಸುವಷ್ಟು ತಾಳ್ಮೆ ಅವರಲ್ಲಿತ್ತು. ಅವರ ತಿರಸ್ಕಾರವನ್ನು ಮಾತ್ರ ಉಳಿಸಿಕೊಂಡು ತಾಳ್ಮೆಯನ್ನು ಬಿಟ್ಟವರು ಇಂದಿನ ನಾವು.

ಇನ್ನೊಂದು ಮಾತನ್ನು ಕೂಟ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರೇ ನನಗೆ ಹೇಳಿದರು: ಸುವಾರ್ತೆ ಎಲ್ಲ ಸಂಸ್ಕೃತಿಗಳಿಗೂ ಮೇಲಿನದು, ಸಮಯ ಕಡಿಮೆ ಇದೆ, ಸತ್ಯವನ್ನು ನೇರವಾಗಿ ಹೇಳಿಬಿಡಬೇಕು. ಈ ಮಾತನ್ನು ಆಡುವವರು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಗ್ರೀಸಿನ ಅಥೇನೆಯಲ್ಲಿ ಎಲ್ಲೆಡೆ ವಿಗ್ರಹಗಳನ್ನು ಕಂಡ ಅಪೊಸ್ತಲ ಪೌಲನ ಮನಸ್ಸು ಕುದಿಯಿತು. ಹಾಗಿದ್ದರೂ ಆ ಊರಿನ ಹಿರಿಯರ ಸಭೆಯಾದ ಅರಿಯೊಪಾಗದಲ್ಲಿ ನಿಂತು ಬಾಯಿ ತೆರೆದಾಗ ಅವನು ಆ ಜನರ ದೈವಭಕ್ತಿಯಿಂದಲೇ ಮಾತು ತೆಗೆದ, ಅವರ ಪೂಜಾಸ್ಥಾನಗಳನ್ನು ತಾನು ಸುತ್ತಾಡಿ ನೋಡಿದ್ದನ್ನು ಹೇಳಿದ, ಅವರದೇ ಕವಿಯ ಸಾಲನ್ನು ಎತ್ತಿಕೊಂಡ. ಪಶ್ಚಾತ್ತಾಪದ ಕರೆಯನ್ನೂ ಕೊಟ್ಟ, ಅದನ್ನು ಬಿಡಲಿಲ್ಲ, ಆದರೆ ಅದು ಬಂದದ್ದು ಕೊನೆಯಲ್ಲಿ. ಅದಕ್ಕೂ ಎರಡು ಅಧ್ಯಾಯ ಹಿಂದೆ, ಅನ್ಯಜನರು ಕ್ರಿಸ್ತನನ್ನು ನಂಬಲು ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕಾಗಿಲ್ಲ ಎಂದು ಯೆರೂಸಲೇಮಿನ ಸಭೆ ತೀರ್ಮಾನಿಸಿತ್ತು. ಇಷ್ಟೆಲ್ಲ ನಮ್ಮ ಗ್ರಂಥದಲ್ಲೇ ಇರುವಾಗ, ಕುಂಕುಮವನ್ನು, ರಂಗೋಲಿಯನ್ನು, ಹೊಸಅಕ್ಕಿಯ ಊಟವನ್ನು ಬಿಟ್ಟು ಬಂದರೆ ಮಾತ್ರ ಯೇಸು ಒಪ್ಪುತ್ತಾನೆಂದು ಹೇಳುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಮತಾಂತರ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಊರಲ್ಲಿ ಜಗಳವೇಳುವ ಕಾಲವಿದು, ಸಣ್ಣ ಪ್ರಾರ್ಥನಾ ಕೂಟಗಳು ಭಯದಲ್ಲಿ ನಡೆಯುತ್ತಿವೆ. ಆ ಭಯಕ್ಕಾಗಿ ಮೆತ್ತಗೆ ಮಾತಾಡಿ ಎಂದು ನಾನು ಹೇಳುತ್ತಿಲ್ಲ. ಯಾರ ಹೆದರಿಕೆಯೂ ಇಲ್ಲದ ಊರಿನಲ್ಲಿಯೂ ಅತಿಥಿಗಳಾಗಿ ಕರೆದವರನ್ನು ಕೂರಿಸಿಕೊಂಡು ಅವರ ಹಿರಿಯರನ್ನು ಹಳಿಯುವುದು ಕ್ರಿಸ್ತನ ಹೆಸರಿಗೆ ಮಾಡುವ ಅವಮಾನ ಎನ್ನುತ್ತಿದ್ದೇನೆ. ಸಮಾರ್ಯದ ಬಾವಿಯ ಬಳಿ ಯೇಸು ಬೇರೆ ಪಂಗಡದ ಒಬ್ಬ ಹೆಂಗಸಿನಿಂದ ಮೊದಲು ಕುಡಿಯಲು ನೀರು ಕೇಳಿದ, ಅವಳ ಪ್ರಶ್ನೆಗಳಿಗೆಲ್ಲ ನಿಂತು ಉತ್ತರ ಕೊಟ್ಟ.

ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಬಾಸೆಲ್ ಮಿಶನ್ನಿನ ಕಾಲದ ಪುಸ್ತಕಗಳೂ ಕಾಗದಪತ್ರಗಳೂ ಇವೆ. ಸುವಾರ್ತೆಯ ಕೆಲಸಕ್ಕೆ ಹೊರಡುವ ನಮ್ಮ ಯುವಕ ಯುವತಿಯರು ಮೊದಲು ಅಲ್ಲಿ ಕುಳಿತು ಓದಲಿ. ವಚನಗಳನ್ನು, ದಾಸರ ಪದಗಳನ್ನು, ಪಾಡ್ದನಗಳನ್ನು ಅವುಗಳನ್ನು ಪ್ರೀತಿಸುವವರ ಬಾಯಿಂದಲೇ ಕೇಳಲಿ. ಅದಕ್ಕೆ ಒಂದು ವರ್ಷ ಬೇಕಾದರೆ ಬೇಕಾಗಲಿ, ವಿಶೇಷ ಕೂಟಗಳ ವೇದಿಕೆಗೂ ಧ್ವನಿವರ್ಧಕಕ್ಕೂ ಎತ್ತಿಡುವ ಹಣವನ್ನು ಸಭೆ ಈ ಓದಿಗೆ ಕೊಡಲಿ. ನನ್ನ ಪಾಲಿನ ಕಾಣಿಕೆಯನ್ನು ಈ ತಿಂಗಳಿಂದಲೇ ಅದಕ್ಕೆಂದು ಬೇರೆ ಇಡುತ್ತೇನೆ, ಜೊತೆಗೂಡುವವರು ದಯವಿಟ್ಟು ತಿಳಿಸಿ.