ಸ್ಪಷ್ಟನೆ: ‘ಒಂದು ದೇಶ, ಒಂದು ಚಂದಾ’ ಬಂದರೂ ಗ್ರಂಥಪಾಲಕರು ಬೇಕು

‘ಒಂದು ದೇಶ, ಒಂದು ಚಂದಾ’ (ಕೇಂದ್ರ ಸರ್ಕಾರವೇ ಚಂದಾ ಕಟ್ಟಿ ಸಂಶೋಧನಾ ಜರ್ನಲ್‌ಗಳನ್ನು ಓದಲು ಕೊಡುವ ಯೋಜನೆ) ಬಂತು, ಇನ್ನು ಎಲ್ಲ ಜರ್ನಲ್‌ಗಳೂ ಎಲ್ಲರಿಗೂ ಉಚಿತ, ಮೆಡಿಕಲ್ ಕಾಲೇಜುಗಳಿಗೆ ಗ್ರಂಥಪಾಲಕರೇ ಬೇಡ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ಹಾಗಲ್ಲ. 2025ರ ಜನವರಿಯಲ್ಲಿ ಶುರುವಾದ ಯೋಜನೆಯಲ್ಲಿರುವುದು 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಮೊದಲ ಹಂತದಲ್ಲಿ ಅವು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಾಲೇಜಿನವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್‌ನಂಥ, ಕಾಲೇಜುಗಳು ಸೇರಿ ಜರ್ನಲ್‌ಗಳನ್ನು ಪಡೆಯುವ ಒಕ್ಕೂಟಗಳೇ ಆಸರೆ.

ಇನ್ನು, ಚಂದಾ ಬೇರೆ, ಹುಡುಕಾಟ ಬೇರೆ. ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಎಲ್ಲ ಅಧ್ಯಯನಗಳನ್ನೂ ಕ್ರಮವಾಗಿ ಹುಡುಕಿ ತೂಗುವ ಪ್ರಬಂಧ) ಬರೆಯುವವರು ವೈದ್ಯಕೀಯ ಲೇಖನಗಳ ಹುಡುಕುತಾಣ ಪಬ್‌ಮೆಡ್‌ನಲ್ಲಿ ಬರೀ ‘ಡಯಾಬಿಟಿಸ್’ ಎಂದು ಟೈಪಿಸಿದರೆ ಲಕ್ಷಗಟ್ಟಲೆ ಲೇಖನಗಳು ಬಂದು ಬೀಳುತ್ತವೆ! ಮೆಶ್ ಶೀರ್ಷಿಕೆಗಳನ್ನು (ಪಬ್‌ಮೆಡ್ ಲೇಖನಗಳಿಗೆ ಕೊಡುವ ನಿಗದಿತ ವಿಷಯಪದಗಳನ್ನು) ಜೋಡಿಸಿ, ಅದೇ ಪ್ರಶ್ನೆಯನ್ನು ಎಂಬೇಸ್ ಎಂಬ ಇನ್ನೊಂದು ವೈದ್ಯಕೀಯ ದತ್ತಸಂಚಯಕ್ಕೆ ಹೊಂದುವಂತೆ ತಿದ್ದಿ, ಎರಡೂ ಕಡೆ ಬಂದ ನಕಲುಗಳನ್ನು ತೆಗೆದು, ಹುಡುಕಿದ ದಿನಾಂಕವನ್ನೂ ದಾಖಲಿಸುವುದು ನುರಿತ ಗ್ರಂಥಪಾಲಕರ ಕಸುಬು. ಆ ದಾಖಲೆ ಇಲ್ಲದ ಪ್ರಬಂಧ ಪರಿಶೀಲಕರ ಬಳಿಯಿಂದ ವಾಪಸ್ ಬರಬಹುದು.