ಕಸ ಗುಡಿಸುವುದಕ್ಕೂ ಇಂಗ್ಲಿಷ್ ಬೇಕಾ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಕಸ ಗುಡಿಸುವ ರೋಬೋಟ್ ಬಂದು ಮೂರು ತಿಂಗಳಾಯ್ತು. ಕೆಲಸ ಚೆನ್ನಾಗೇ ಮಾಡುತ್ತದೆ, ಆದರೆ ಮಾತು ಬರೀ ಇಂಗ್ಲಿಷ್. ನಾನು ಲೋಕಲ್ ರೈಲು ಹಿಡಿದು ಹೊರಟರೆ ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಕನ್ನಡ, ಮರಾಠಿ ಎರಡೂ ಚೆನ್ನಾಗಿ ಬರುತ್ತದೆ.

ಮೊನ್ನೆ ಫೋನ್ ಮಾಡಿ, "ಅದು ಅಡುಗೆಮನೆ ಹೊಸ್ತಿಲಲ್ಲಿ ನಿಂತು ಕ್ಲಿಫ್ ಕ್ಲಿಫ್ ಅಂತಿದೆ, ತಲೆಯ ಕ್ಲಿಪ್ ಸಿಕ್ಕಿಕೊಂಡಿದೆಯೇನೋ ಅಂತ ಅರ್ಧ ಗಂಟೆ ಹುಡುಕಿದೆ ಕಣಮ್ಮಾ" ಅಂದರು. ಕ್ಲಿಫ್ ಅಂದರೆ ಕಡಿದಾದ ಅಂಚು. ಮೆಟ್ಟಿಲಿಂದ ಬೀಳದಿರಲಿ ಅಂತ ಅದರ ಹೊಟ್ಟೆಯಡಿ ಸೆನ್ಸರ್ ಇರುತ್ತದೆ, ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ಅದು ವಾಪಸ್ ಬರುತ್ತದಾ ಅಂತ ನೋಡುತ್ತದೆ. ನಮ್ಮ ಹೊಸ್ತಿಲು ಕಪ್ಪು ಕಲ್ಲು, ಬೆಳಕನ್ನು ನುಂಗಿಬಿಡುತ್ತದೆ, ಇದು ಹಳ್ಳ ಅಂದುಕೊಂಡು ನಿಂತುಬಿಡುತ್ತದೆ. 'ಮುಂದೆ ಹಳ್ಳ' ಅಂತ ಹೇಳಿದ್ದರೆ ಅತ್ತೆ ಎತ್ತಿ ಆಚೆ ಇಡುತ್ತಿದ್ದರು, ಅಷ್ಟೇ ಅಲ್ವಾ?

ರೋಬೋಟ್ ಅನ್ನೋ ಪದವೇ ಇಂಗ್ಲಿಷಿನದಲ್ಲ. 1920ರಲ್ಲಿ ಬಂದ ಒಂದು ಚೆಕ್ ನಾಟಕದ್ದು, ಮೂಲದಲ್ಲಿ ಬಿಟ್ಟಿ ಚಾಕರಿ ಅಂತ ಅರ್ಥ. ಚಾಕರಿಗೆ ಬಂದದ್ದು ಮನೆಯವರ ಭಾಷೆ ಕಲಿಯಬೇಕೋ, ಮನೆಯವರು ಅದರ ಭಾಷೆಯನ್ನೋ?

ಈಗ ಫ್ರಿಜ್ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿದ್ದೇನೆ. ಡಾಕ್ ಅಂದರೆ ಚಾರ್ಜ್ ಆಗೋ ಜಾಗ, ಸೈಡ್ ಬ್ರಷ್ ಅಂದರೆ ಪಕ್ಕದಲ್ಲಿ ತಿರುಗೋ ಬ್ರಷ್, ಸ್ಟಕ್ ಅಂದರೆ ಸಿಕ್ಕಿಕೊಂಡಿದೆ. ಈ ಊರಿನ ಮಾತಲ್ಲಿ ಡಾಕ್ ಅಂದರೆ ಟಪಾಲು, ಅದನ್ನು ಅವರ ತಲೆಯಿಂದ ತೆಗೆಯೋದೇ ಕಷ್ಟ. ಇಂದು ಬೆಳಿಗ್ಗೆಯೂ ಕನ್ನಡಕ ಏರಿಸಿಕೊಂಡು, ಚೀಟಿ ಮುಂದೆ ನಿಂತು, ಒಂದೊಂದೇ ಪದ ಓದುತ್ತಿದ್ದರು. ಹೊಟ್ಟೆ ಉರಿಯಿತು.