ಗಣಿತದ ಮಿಸ್ಸಿಗೆ ಪಿ.ಟಿ. ಪೀರಿಯಡ್

ಪಿ.ಟಿ. ಸರ್‌ಗೆ ವರ್ಗವಾದ ಮೇಲೆ ಅವರ ಪೀರಿಯಡ್ಡು ಯಾರ ತಲೆಗೆ ಬೀಳುತ್ತದೋ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಟೀ ಲೋಟದೊಳಗೆ ಮುಖ ಹುದುಗಿಸಿ ಕೂತಿದ್ದೆವು. ನನ್ನ ಟೀ ಮೊದಲು ಮುಗಿಯಿತು. ಲೋಟ ಕೆಳಗಿಟ್ಟಿದ್ದೇ ತಪ್ಪಾಯಿತು. "ಮೇಡಂ, ನೀವು ಗಣಿತದವರು, ಲೈನಾದ್ರೂ ನೆಟ್ಟಗೆ ನಿಲ್ಲಿಸ್ತೀರಿ" ಅಂದರು ಹೆಡ್‌ಮಾಸ್ಟರು.

ಐದನೇ ಕ್ಲಾಸು, 34 ಮಕ್ಕಳು, ಒಂದೇ ವಾಲಿಬಾಲು, 40 ನಿಮಿಷ. ಅಭ್ಯಾಸಬಲ, ಭಾಗಿಸಿದೆ. ತಲೆಗೆ 70 ಸೆಕೆಂಡು. ಬಾಲು ಚರಂಡಿಗೆ ಹೋಗಿ ಬರುವ ಹೊತ್ತನ್ನು ಕಳೆಯುವುದು ಮರೆತಿದ್ದೆ.

ಬಾಲೋ, ಬೀರುವಿನಲ್ಲಿ ನಿನ್ನೆಯ ಇಡ್ಲಿಯ ಹಾಗೆ ಕುಗ್ಗಿ ಕೂತಿತ್ತು. ಪಂಪಿತ್ತು, ಪಿನ್ನಿರಲಿಲ್ಲ. ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯವನು ತನ್ನ ಪಿನ್ನಿಗೆ ಎಂಜಲು ಹಚ್ಚಿ ಚುಚ್ಚಿ ಗಾಳಿ ತುಂಬಿದ, ಹೆಬ್ಬೆರಳಲ್ಲಿ ಅದುಮಿ ನೋಡಿದ, ಇನ್ನಷ್ಟು ತುಂಬಿದ. "ಕಲ್ಲಿದ್ದಂಗೈತೆ, ತಗಳಿ ಮಿಸ್." ವಾಲಿಬಾಲಿಗೆ ಗಾಳಿಯ ಒತ್ತಡ ನಾಲ್ಕೂವರೆ ಪಿ.ಎಸ್.ಐ. ಆಸುಪಾಸು ಸಾಕು. ಇವನು ದಿನವಿಡೀ ಬೈಕಿನ ಟೈರಿಗೆ ಮೂವತ್ತರ ಲೆಕ್ಕದಲ್ಲಿ ಹಾಕಿ ಪಳಗಿದ ಕೈ. ಇದೆಲ್ಲ ನನಗೆ ತಿಳಿದದ್ದು ಮೂಗು ಊದಿದ ಮೇಲೆ.

ಹಿಂದಿನ ರಾತ್ರಿ ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡಿದ್ದೆ. ಬಾಲು ಎದೆಮಟ್ಟಕ್ಕೆ ಬಂದರೆ ಹೆಬ್ಬೆರಳುಗಳು ಹತ್ತಿರ, ಸೊಂಟದ ಕೆಳಗೆ ಬಂದರೆ ಕಿರುಬೆರಳುಗಳು ಹತ್ತಿರ. ಕೈಗೆ ಬಿದ್ದ ಕೂಡಲೇ ಮೊಣಕೈ ಮಡಿಸಿ ಎದೆಯತ್ತ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಪುಟಿದು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕಣ್ಣು ಬಾಲಿನ ಮೇಲೆ. ಇದನ್ನು ಮಗ್ಗಿಯ ಹಾಗೆ ಮೂರು ಸಲ ಹೇಳಿಸಿ, "ಈಗ ನಂಗೆ ಎಸೀರಿ, ತೋರಿಸ್ತೀನಿ" ಅಂದೆ.

ಮೊದಲ ಬೆಂಚಿನ ಹುಡುಗಿ ಮುಂದೆ ಬಂದಳು. ನಾಲ್ಕಡಿ ಇದ್ದಾಳೋ ಇಲ್ಲವೋ. ಕಿರುಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಕ್ಕೆ ಮೂರು ಕೊಟ್ಟಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತಲೇ ಇವತ್ತಿಗೂ ನಂಬಿದ್ದೇನೆ. ಎಸೆದಳು. ನನ್ನ ಎರಡು ಹೆಬ್ಬೆರಳುಗಳ ನಡುವಿನಿಂದಲೇ ತೂರಿಬಂದ ಬಾಲು ಸೀದಾ ಮೂಗಿಗೆ ಬಡಿಯಿತು. ಪಂಕ್ಚರ್ ಅಂಗಡಿಯವನು ಸುಳ್ಳು ಹೇಳಿರಲಿಲ್ಲ.

"ಮಿಸ್, ಕಣ್ಣು ಮುಚ್ಕೊಂಡ್ರಿ! ಕಣ್ಣು ಬಾಲಿನ ಮೇಲೆ!" 34 ಕಂಠ ಒಟ್ಟಿಗೆ. ಹದಿಮೂರರ ಮಗ್ಗಿಯನ್ನು ಇಷ್ಟು ಚೆನ್ನಾಗಿ ಒಪ್ಪಿಸಿದವರಲ್ಲ.

ಡ್ರಿಬ್ಲಿಂಗ್ ವಿಷಯ ಹೆಚ್ಚು ಹೇಳುವುದಿಲ್ಲ. ಅಂಗೈಯಲ್ಲಿ ಬಡಿಯಬಾರದು, ಬೆರಳ ತುದಿಯಲ್ಲಿ ತಳ್ಳಬೇಕು ಅಂತ ವಿವರಿಸುವಷ್ಟರಲ್ಲಿ ಬಾಲು ಸೀರೆಯ ನೆರಿಗೆಗೆ ಸಿಕ್ಕಿಕೊಂಡಿತ್ತು. ಅಷ್ಟು ಸಾಕು.

ಆದರೆ ಮೂಗಿಗೆ ಐಸ್ ಒತ್ತಿಕೊಂಡು ಜಗಲಿಯಲ್ಲಿ ಕೂತಾಗ ಒಂದು ಕಂಡಿತು. ಸಾಲಿನಲ್ಲಿದ್ದ ಮಕ್ಕಳಲ್ಲಿ ಅರ್ಧಕ್ಕರ್ಧ ನನ್ನ ಹಾಗೇ ಬಾಲು ಬರುವಾಗ ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು. ಕಲ್ಲು ಬರುತ್ತಿದ್ದರೆ ಯಾರು ತಾನೇ ಕಣ್ಣು ಬಿಟ್ಟುಕೊಂಡು ನಿಲ್ಲುತ್ತಾರೆ? "ಲಗೋರಿಗೆ ನಾವು ಬಟ್ಟೆ ಬಾಲ್ ಕಟ್ತೀವಿ ಮಿಸ್, ತರ್ಲಾ?" ಅಂದಳು ಅದೇ ಹುಡುಗಿ. ಮುಂದಿನ ವಾರ ಹಳೇ ಲಂಗ, ಲುಂಗಿ ಸುತ್ತಿ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದ 17 ಚೆಂಡು ಬಂದವು. ಇಬ್ಬರಿಗೆ ಒಂದು, ಶೇಷ ಸೊನ್ನೆ. ಮೂಗಿಗೆ ಬಿದ್ದರೂ ನಗು ಬರುವಷ್ಟು ಮೆತ್ತಗೆ. ಎರಡೇ ಪೀರಿಯಡ್ಡಿನಲ್ಲಿ ಕಣ್ಣುಗಳು ತೆರೆದವು, ಎದುರಿನ ಜೋಡಿ ಎಸೆದದ್ದು ಕೈಗೆ ಬಂದು ಕೂರತೊಡಗಿತು. ನಾನೂ ಹತ್ತಕ್ಕೆ ನಾಲ್ಕು ಹಿಡಿದೆ. ಆ ಹುಡುಗಿ ಲೆಕ್ಕ ಇಟ್ಟಿದ್ದಳು.

ಬಿಗಿ ವಾಲಿಬಾಲನ್ನು ಯಾರೋ ಸುಮ್ಮನೆ ನೆಲಕ್ಕೆ ಕುಕ್ಕಿದ್ದಕ್ಕೆ ಅದು ತಾರಸಿ ಹತ್ತಿತು. ಅಟೆಂಡರ್ ಏಣಿ ಹಾಕಿ ಹೋದರು. ಮೇಲಿಂದ ಮೊದಲು ಒಂದು ಚಪ್ಪಲಿ ಬಿತ್ತು, ಆಮೇಲೆ ನಮ್ಮ ಬಾಲು, ಅದರ ಹಿಂದೆ ಬಿಸಿಲಿಗೆ ಬಣ್ಣ ಹೋದ ಇನ್ನೂ ಎರಡು ವಾಲಿಬಾಲು. ಸ್ಟಾಕ್ ರಿಜಿಸ್ಟರಿನಲ್ಲಿ ಅವೆರಡೂ "ಹರಿದುಹೋಗಿವೆ" ಅಂತ ಸಹಿ ಸಮೇತ ವಜಾ ಆಗಿ ವರ್ಷಗಳಾಗಿದ್ದವು.

ಹೆಡ್‌ಮಾಸ್ಟರು ರಿಜಿಸ್ಟರ್ ಬಿಡಿಸಿಕೊಂಡು ಬಹಳ ಹೊತ್ತು ಕೂತರು. ಆಮೇಲೆ ಏಣಿಯ ಕಡೆ ನೋಡಿ, "ಮೇಡಂ, ಅವೆರಡನ್ನ ವಾಪಸ್ ಮೇಲಕ್ಕೆ ಎಸೆಯೋಕಾಗುತ್ತಾ?" ಅಂದರು.